ಲೈನ್‌ಮನೆಯ ಹೊಸ್ತಿಲಲ್ಲಿ ಕ್ಯಾಮೆರಾ

ಎರಡು ವರ್ಷಗಳ ಹಿಂದೆ ಜನವರಿಯ ಒಂದು ಬೆಳಿಗ್ಗೆ, ಕೊಡಗಿನ ಸಿದ್ದಾಪುರದ ಕಡೆ ಇರುವ ನಮ್ಮ ಕಾಫಿ ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್‌ಮನೆಯೊಂದರಲ್ಲಿ, ಒಲೆಯ ಮುಂದೆ ಕುಳಿತಿದ್ದ ಅಜ್ಜಿಯೊಬ್ಬರಿಗೆ, ನನ್ನ ಸಾಕ್ಷ್ಯಚಿತ್ರಕ್ಕಾಗಿ, ನಾನು ಮೂರನೆಯ ಸಲ "ಇನ್ನೊಂದು ಸಲ ಊದಿ ಅಜ್ಜಿ" ಎಂದು ಹೇಳಿದೆ. ಮೊದಲನೆಯ ಸಲ ಬೆಳಕು ಸಾಲದಾಗಿತ್ತು, ಎರಡನೆಯ ಸಲ ಫೋಕಸ್ ತಪ್ಪಿತ್ತು. ಅವರು ಊದುಗೊಳವೆಯನ್ನು ಮತ್ತೆ ಬಾಯಿಗಿಟ್ಟು ಊದಿದರು. ಹಸಿ ಸಿಲ್ವರ್ ಓಕ್ ಸೌದೆಯ ಹೊಗೆ ಮುಖಕ್ಕೆ ನುಗ್ಗಿ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ "ಸಾಕಾ ಅಮ್ಮ?" ಎಂದು ಕೇಳಿದರು. ಬೇಕಾದ ಚಿತ್ರ ಸಿಕ್ಕಿತೆಂಬ ಸಂತೋಷದಲ್ಲಿದ್ದ ನನಗೆ ಆಗ ಆ ಮಾತು ಕಿವಿಗೆ ಬಿದ್ದಿರಲಿಲ್ಲ. ಸಂಜೆ ಮನೆಯಲ್ಲಿ ಅದೇ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡುವಾಗ ಕೇಳಿಸಿತು. ಅದೇ ಧಾಟಿಯಲ್ಲಿ ಅವರು ನನ್ನ ಅಪ್ಪನನ್ನೂ ಕೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ: ಕಳೆ ತೆಗೆದ ಜಾಗ ತೋರಿಸುವಾಗ, ಕಣದಲ್ಲಿ ಕಾಫಿ ಹಣ್ಣು ಹರವಿ ಮುಗಿಸಿದಾಗ. ಅವರು ನನ್ನ ಚಿತ್ರದಲ್ಲಿ ಪಾಲ್ಗೊಂಡಿರಲಿಲ್ಲ, ಸಾಹುಕಾರರ ಮನೆಯವರು ಹೇಳಿದ ಇನ್ನೊಂದು ಕೆಲಸವನ್ನು ಮಾಡಿ ಮುಗಿಸಿದ್ದರು, ಅದೂ ಹಾಜರಿ ಇಲ್ಲದೆ.

ಆ ವಾರವೇ ಚಿತ್ರೀಕರಣ ನಿಲ್ಲಿಸಿದೆ. ಮುಂದಿನ ಮಳೆಗಾಲವಿಡೀ, ಕರೆಂಟ್ ಇದ್ದ ರಾತ್ರಿಗಳಲ್ಲಿ, ಸಾಮಾಜಿಕ ಸಮಸ್ಯೆಗಳ ಕುರಿತ ಸಾಕ್ಷ್ಯಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಅದಕ್ಕಿಂತ ಮೊದಲೂ ಅವುಗಳಲ್ಲಿ ಕೆಲವನ್ನು ನೋಡಿದ್ದೆ, ಆದರೆ ಆಗ ಗಮನವೆಲ್ಲ ವಿಷಯದ ಮೇಲಿತ್ತು. ಈ ಸಲ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು, ಪ್ರಶ್ನೆ ಕೇಳುತ್ತಿರುವವರು ಯಾರು, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ಯಾರ ಮಾತನ್ನು ಪೂರ್ತಿ ಬಿಟ್ಟಿದ್ದಾರೆ, ಯಾರದನ್ನು ಅರ್ಧಕ್ಕೆ ಕತ್ತರಿಸಿದ್ದಾರೆ, ಚಿತ್ರ ಬಿಡುಗಡೆಯಾದ ಮೇಲೆ ಅದರಲ್ಲಿದ್ದವರು ಏನು ಹೇಳಿದರು ಎಂಬುದನ್ನು ಮಾತ್ರ ಬರೆದುಕೊಂಡೆ. ಈ ಬರಹದಲ್ಲಿರುವುದು ಹೆಚ್ಚಾಗಿ ಆ ನೋಟ್‌ಬುಕ್ಕಿನದೇ.

ನನ್ನ ಚಿತ್ರ ಯಾವುದರ ಕುರಿತು ಎಂಬುದನ್ನು ಮೊದಲು ಹೇಳಬೇಕು. ಕೊಡಗಿನ ಕಾಫಿ ತೋಟಗಳಲ್ಲಿ ಎರವ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಅನೇಕ ಕುಟುಂಬಗಳು ತಲೆಮಾರುಗಳಿಂದ ಲೈನ್‌ಮನೆಗಳಲ್ಲಿ ಬದುಕುತ್ತಿವೆ. ಮನೆ ತೋಟದ್ದಾದ್ದರಿಂದ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಾಗುತ್ತದೆ. ಸ್ವಂತದ್ದೆಂದು ಹೇಳಿಕೊಳ್ಳುವ ವಿಳಾಸವಿಲ್ಲದ ಕಾರಣ ಪಡಿತರ ಚೀಟಿಗೂ ಮತದಾರರ ಪಟ್ಟಿಗೂ ತೋಟದ ಮಾಲೀಕರ ಒಪ್ಪಿಗೆಯ ದಾರಿಯಲ್ಲೇ ಹೋಗಬೇಕಾದ ಪರಿಸ್ಥಿತಿಯನ್ನು ನಾನು ನಮ್ಮ ಜಗಲಿಯಲ್ಲೇ ಕಂಡಿದ್ದೇನೆ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರ ವಸತಿಯನ್ನು ಮಾಲೀಕರ ಹೊಣೆಯೆಂದು ವಿಧಿಸಿತಾದರೂ, ಅದರ ವ್ಯಾಪ್ತಿಗೆ ಬಂದದ್ದು 5 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣವಿದ್ದು 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳು. ನಮ್ಮಂತಹ ಸಣ್ಣ ತೋಟಗಳ ಲೈನ್‌ಮನೆಗಳು ಆ ಲೆಕ್ಕದ ಹೊರಗೇ ಉಳಿದವು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ, ಅಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಇಂತಹ ಲೈನ್‌ಮನೆಗಳನ್ನು ಬಿಟ್ಟು ಸ್ವಂತ ನೆಲ ಬೇಕೆಂದು ಬಂದವರಾಗಿದ್ದರು. ಆಮೇಲೆ ಬಸವನಹಳ್ಳಿಯಲ್ಲೂ ಬ್ಯಾಡಗೊಟ್ಟದಲ್ಲೂ ಪುನರ್ವಸತಿಯಾಯಿತು. ಟಿವಿಯಲ್ಲಿ ಜೆಸಿಬಿ ಕಂಡಿತು, ಘೋಷಣೆ ಕೇಳಿತು. ಅವರು ಬಿಟ್ಟು ಬಂದ ಮನೆ ಎಂಥದ್ದು, ಅದನ್ನು ಬಿಡುವ ಧೈರ್ಯ ಎಲ್ಲಿಂದ ಬಂತು ಎಂಬುದು ಮಾತ್ರ ಕಾಣಲಿಲ್ಲ. ನನ್ನ ಚಿತ್ರ ಅಲ್ಲಿಂದಲೇ ಶುರುವಾಗಬೇಕೆಂದು ನಾನು ಅಂದುಕೊಂಡಿದ್ದೆ.

ನೋಡಿದವುಗಳಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಸುಮಾರು ತೊಂಬತ್ತು ವರ್ಷಗಳ ಹಿಂದಿನ, ಹದಿನೈದು ನಿಮಿಷದ ಆಸುಪಾಸಿನ ಒಂದು ಬ್ರಿಟಿಷ್ ಚಿತ್ರ. 1935ರ 'ಹೌಸಿಂಗ್ ಪ್ರಾಬ್ಲಮ್ಸ್' ಅನ್ನು ಮಾಡಿದವರು ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟಿ. ಲಂಡನ್ನಿನ ಸ್ಟೆಪ್ನಿ ಎಂಬ ಬಡ ಬಡಾವಣೆಯ ಜನ ತಮ್ಮ ತಮ್ಮ ಕೋಣೆಯಲ್ಲೇ ನಿಂತು, ಕ್ಯಾಮೆರಾದ ಕಡೆ ಮುಖ ಮಾಡಿ, ಇಲಿಯ ಕಾಟ, ಕುಸಿಯುವ ಗೋಡೆ, ನೀರಿನ ತೊಂದರೆ ಎಲ್ಲವನ್ನೂ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. ಆ ಕಾಲದಲ್ಲಿ ಧ್ವನಿಗ್ರಹಣದ ಸಲಕರಣೆ ಎಷ್ಟು ಭಾರದ್ದಾಗಿತ್ತೆಂದರೆ ಅದನ್ನು ಆ ಇಕ್ಕಟ್ಟಿನ ಮನೆಗಳಿಗೆ ಒಯ್ದದ್ದೇ ಒಂದು ಸಾಹಸ. ಜನರನ್ನು ಮಾತಿಗೆಳೆದವರಲ್ಲಿ ರೂಬಿ ಗ್ರಿಯರ್ಸನ್ ಎಂಬ ಮಹಿಳೆ ಇದ್ದರು. ಕ್ಯಾಮೆರಾ ನಿಮ್ಮದು, ಮೈಕು ನಿಮ್ಮದು, ನಿಮ್ಮ ಪಾಡು ಏನೆಂದು ನೀವೇ ಹೇಳಿ ಎಂಬ ಅರ್ಥದ ಮಾತನ್ನು ಅವರು ಅಲ್ಲಿಯವರಿಗೆ ಹೇಳಿದರೆಂದು ಪ್ರತೀತಿ ಇದೆ.

ಈ ಚಿತ್ರವನ್ನು ನಾನು ನಾಲ್ಕೈದು ಸಲ ನೋಡಿದೆ. ಮೊದಲ ಸಲ ಮೆಚ್ಚುಗೆ ಮಾತ್ರ ಇತ್ತು. ಆಮೇಲೆ ಗಮನಕ್ಕೆ ಬಂದದ್ದೇನೆಂದರೆ, ಕಷ್ಟವನ್ನು ಹೇಳುವವರು ಬಡವರು, ಪರಿಹಾರವನ್ನು ಹೇಳುವವರು ಮಾತ್ರ ಬೇರೆಯವರು. ಹೊಸ ಕಟ್ಟಡಗಳ ಮಾದರಿ ತೋರಿಸಿ ವಿವರಿಸುವ ಹೊತ್ತಿಗೆ ಚಿತ್ರದ ದನಿ ತಜ್ಞರ ಕೈಗೆ ಹೋಗಿರುತ್ತದೆ. ಹಣ ಹಾಕಿದ್ದು ಅಡುಗೆ ಅನಿಲ ಮಾರುವ ಕಂಪನಿಗಳ ಸಂಘ, ಮತ್ತು ಹೊಸ ಮನೆಗಳೆಂದರೆ ಅವರಿಗೆ ಹೊಸ ಗ್ರಾಹಕರು. ಹಾಗೆಂದು ಆ ಚಿತ್ರವನ್ನು ನಾನು ತಳ್ಳಿಹಾಕುವುದಿಲ್ಲ. ಇಲಿಯ ವಿಷಯ ಹೇಳುವ ಆ ತಾಯಿಯ ಮುಖವನ್ನು ಯಾವ ಪ್ರಾಯೋಜಕರೂ ಸುಳ್ಳು ಮಾಡಲಾರರು. ಆದರೆ ನನ್ನ ಹಳೆಯ ಚಿತ್ರಕಥೆಯನ್ನು ತೆಗೆದು ನೋಡಿದಾಗ ಅದರಲ್ಲೂ ಇದೇ ವಿಂಗಡಣೆ ಇತ್ತು. ಲೈನ್‌ಮನೆಯವರಿಗೆ 'ಸಮಸ್ಯೆ' ಎಂಬ ಶೀರ್ಷಿಕೆಯ ಕೆಳಗೆ ಏಳು ದೃಶ್ಯಗಳು, ಕೊನೆಯಲ್ಲಿ ಒಬ್ಬ ಪ್ರಾಧ್ಯಾಪಕರ ಮತ್ತು ಒಬ್ಬ ನಿವೃತ್ತ ಅಧಿಕಾರಿಯ ಸಂದರ್ಶನ. ಏನಾಗಬೇಕು ಎಂದು ಅಲ್ಲಿ ವಾಸಿಸುವ ಒಬ್ಬರನ್ನೂ ಕೇಳುವ ಯೋಚನೆ ನನಗೆ ಬಂದಿರಲಿಲ್ಲ. ಆ ಎರಡು ಸಂದರ್ಶನಗಳನ್ನು ಕೈಬಿಟ್ಟೆ.

ಮನೆಯೇ ಮಾತನಾಡಲು ಬಿಡಬೇಕೆಂಬುದನ್ನೂ ಅದೇ ಚಿತ್ರದಿಂದ ಕಲಿತೆ. ನಮ್ಮ ಲೈನ್‌ಮನೆಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಹಾಗಾಗಿ ಯಾವ ಮನೆಯಲ್ಲಿ ಮೈಕ್ ಇಟ್ಟರೂ ಪಕ್ಕದ ಮನೆಯ ಟಿವಿ, ಆಚೆಯ ಮನೆಯ ಮಗುವಿನ ಅಳು, ಯಾರೋ ಪಾತ್ರೆ ಉಜ್ಜುವ ಸದ್ದು ಎಲ್ಲವೂ ಅದರಲ್ಲಿ ಸೇರುತ್ತದೆ. ಮೊದಲ ಸುತ್ತಿನಲ್ಲಿ ಇದನ್ನು ಧ್ವನಿಯ ದೋಷವೆಂದೇ ತಿಳಿದು, ಮಾತನಾಡುವವರನ್ನು ಹೊರಗೆ ಕರೆದು, ಕಿತ್ತಳೆ ಮರದ ಕೆಳಗೆ ಕೂರಿಸಿ, ಚಂದದ ಹಸಿರು ಹಿನ್ನೆಲೆಯಲ್ಲಿ ಚಿತ್ರೀಕರಿಸಿದ್ದೆ. ಮತ್ತೆ ಶುರು ಮಾಡಿದ ಎರಡನೆಯ ಸುತ್ತಿನಲ್ಲಿ ಅವರನ್ನು ಅವರ ಮನೆಯಲ್ಲೇ ಕೂರಲು ಬಿಟ್ಟು, ಕಾಲರ್ ಮೈಕಿನ ಜೊತೆಗೆ ಇನ್ನೊಂದು ಮೈಕನ್ನು ಆ ಅರ್ಧ ಗೋಡೆಯ ಮೇಲೆ ಇಟ್ಟೆ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನೊಡನೆ ಮಾತನಾಡಬೇಕಾದರೆ ತೋಟಕ್ಕೆ ಹೋಗುತ್ತಿದ್ದೆವು ಎಂದು ಒಬ್ಬ ಅಕ್ಕ ನಗುತ್ತಾ ಹೇಳುವಾಗ, ಗೋಡೆಯಾಚೆಯಿಂದ ಇನ್ನೊಬ್ಬರ ನಗೆ ಸೇರುತ್ತದೆ. ಖಾಸಗಿ ಬದುಕಿಗೆ ಜಾಗವಿಲ್ಲ ಎಂದು ನಾನು ಬರೆದಿಟ್ಟಿದ್ದ ಅರ್ಧ ಪುಟದ ನಿರೂಪಣೆ ಅಲ್ಲಿಗೆ ಬೇಡವಾಯಿತು.

ಒಲೆಯ ದೃಶ್ಯದ ವಿಷಯಕ್ಕೆ ಬರುತ್ತೇನೆ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಇನ್ಯುಯಿಟ್ ಜನರ ಬದುಕಿನ ಕುರಿತು 'ನಾನೂಕ್ ಆಫ್ ದಿ ನಾರ್ತ್' ತಯಾರಿಸಿದಾಗ, ಇಗ್ಲೂ ಎಂಬ ಹಿಮದ ಮನೆಯ ಒಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆ, ಚಿತ್ರೀಕರಣಕ್ಕಾಗಿಯೇ ಒಂದು ಪಕ್ಕ ತೆರೆದಿರುವ ಇಗ್ಲೂ ಕಟ್ಟಿಸಿದರು ಎಂಬುದು ಚಲನಚಿತ್ರ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಮನೆಯವರು ಆ ಚಳಿಯಲ್ಲಿ ಮಲಗಿ ಏಳುವಂತೆ ನಟಿಸಬೇಕಾಯಿತು. ಇದನ್ನು ಓದಿ ನಾನೂ ಹಿಂದೊಮ್ಮೆ ತಲೆಯಾಡಿಸಿದ್ದೆ. ಮೂರು ಸಲ ಊದಿಸಿದ ನನ್ನ ಹೊಗೆಯೂ ಅದೇ ಜಾತಿಯದು ಎಂದು ಆಗ ಹೊಳೆದಿರಲಿಲ್ಲ. ಈಗ ಚಿತ್ರದಲ್ಲಿರುವುದು ಸಣ್ಣ ಕಿಟಕಿಯೊಂದರ ಬೆಳಕಿನಲ್ಲಿ, ಹರಳು ಹರಳಾಗಿ ಕಾಣುವ, ಅರ್ಧಕ್ಕಿಂತ ಹೆಚ್ಚು ಕಪ್ಪಾಗಿರುವ ಅಡುಗೆಯ ದೃಶ್ಯ. ಆ ಮನೆ ಬೆಳಿಗ್ಗೆ ಆರೂವರೆಗೆ ಅಷ್ಟೇ ಬೆಳಕಿನಲ್ಲಿರುತ್ತದೆ.

ಇದಕ್ಕಿಂತ ಕಷ್ಟದ್ದು ಒಪ್ಪಿಗೆಯ ಪ್ರಶ್ನೆ. ಆನಂದ್ ಪಟವರ್ಧನರ 1985ರ 'ಹಮಾರಾ ಶಹರ್' ಮುಂಬಯಿಯ ಕೊಳೆಗೇರಿಗಳನ್ನು ಕೆಡವುವುದರ ಕುರಿತಾದ ಚಿತ್ರ. ಅದರಲ್ಲಿ ಮನೆ ಕಳೆದುಕೊಂಡ ಹೆಂಗಸೊಬ್ಬಳು, ಬಡವರ ಚಿತ್ರ ತೆಗೆದು ನಿಮ್ಮ ಹೆಸರು ಮಾಡಿಕೊಳ್ಳುತ್ತೀರಲ್ಲ ಎಂಬಂತೆ ನಿರ್ದೇಶಕರ ಮೇಲೆಯೇ ಹರಿಹಾಯುತ್ತಾಳೆ. ಅವರು ಆ ಭಾಗವನ್ನು ಕತ್ತರಿಸದೆ ಉಳಿಸಿದ್ದಾರೆ. ಆ ದೃಶ್ಯ ನೋಡಿದ ರಾತ್ರಿ ನನ್ನನ್ನು ಕಾಡಿದ್ದು ಒಂದೇ ಸಂಗತಿ: ನಮ್ಮ ಲೈನಿನಲ್ಲಿ ಯಾರೂ ನನ್ನ ಮೇಲೆ ಹಾಗೆ ರೇಗಲಾರರು. ರೇಗಬೇಕೆನಿಸಿದರೂ ರೇಗಲಾರರು, ಏಕೆಂದರೆ ಅವರ ಮಾಡು ನಮ್ಮದು. ಹನ್ನೊಂದು ಮನೆಗಳಿಗೂ ನಾನೇ ಹೋಗಿ ಕೇಳಿದಾಗ ಹನ್ನೊಂದು ಮನೆಯವರೂ "ಆಯ್ತು ಅಮ್ಮ" ಎಂದಿದ್ದರು.

ಆದ್ದರಿಂದ ಎರಡನೆಯ ಸುತ್ತಿಗೆ ಮುಂಚೆ, ಪಕ್ಕದ ಊರಿನ, ಎರವ ಸಮುದಾಯದವನೇ ಆದ, ಪದವಿ ಮುಗಿಸಿದ್ದ ಒಬ್ಬ ಹುಡುಗನನ್ನು ಜೊತೆಗೆ ಬರುವಂತೆ ಕೇಳಿಕೊಂಡೆ. ಅವನು ದಿನಗೂಲಿಯ ಲೆಕ್ಕವಿಲ್ಲದೆ, ಚಿತ್ರದ ಸಹನಿರ್ದೇಶಕನಾಗಿ ಬಂದ. ನಾನಿಲ್ಲದಾಗ, ಅವರದೇ ಭಾಷೆಯಲ್ಲಿ, ಬೇಡವೆಂದರೆ ಏನೂ ಆಗುವುದಿಲ್ಲವೆಂದು ಹೇಳಿ, ಎರಡು ದಿನ ಬಿಟ್ಟು ಉತ್ತರ ತೆಗೆದುಕೊಂಡು ಬಾ ಎಂದೆ. ನಾಲ್ಕು ಮನೆಯವರು ಬೇಡವೆಂದರು. ಅವುಗಳಲ್ಲಿ ಒಂದು ಆ ಅಜ್ಜಿಯ ಮನೆ. ಮೂರನೆಯ ಸಲ ಊದಿದ್ದೂ ಸೇರಿ ಅವರ ಎಲ್ಲ ತುಣುಕುಗಳನ್ನೂ ಅಳಿಸಿದೆ. ನನ್ನ ಮೊದಲ ಸುತ್ತಿನ ಅತ್ಯುತ್ತಮ ಚಿತ್ರಿಕೆ ಅದೇ ಆಗಿತ್ತು, ಅಳಿಸುವಾಗ ಕೈ ತಡೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ನಾನು ಯಾರೆಂಬುದು ಚಿತ್ರದ ಒಳಗೇ ಕಾಣಬೇಕು ಎಂದು ನನಗೆ ಮನವರಿಕೆ ಮಾಡಿದ್ದು ನಿಷ್ಠಾ ಜೈನ್ ಅವರ 2007ರ 'ಲಕ್ಷ್ಮಿ ಆಂಡ್ ಮಿ'. ನಿರ್ದೇಶಕಿ ತಮ್ಮದೇ ಮುಂಬಯಿ ಮನೆಗೆ ಕೆಲಸಕ್ಕೆ ಬರುವ ಯುವತಿಯನ್ನು ಚಿತ್ರೀಕರಿಸುತ್ತಾರೆ. ನೆಲ ಒರೆಸುವವಳು ಒಬ್ಬಳು, ಆ ನೆಲದ ಮೇಲೆ ಕುರ್ಚಿ ಹಾಕಿ ಕೂತವರು ಇನ್ನೊಬ್ಬರು, ಕ್ಯಾಮೆರಾ ಹಿಡಿದಿರುವುದು ಕೂತವರ ಪಕ್ಷ. ಈ ಸ್ಥಿತಿಯನ್ನು ಅವರು ಮರೆಮಾಚುವುದಿಲ್ಲ. ಮನೆಗೆಲಸದ ಹೆಣ್ಣುಮಕ್ಕಳ ಬವಣೆ ಎಂದು ಯಾರದೋ ಮನೆಗೆ ಹೋಗಿ ಚಿತ್ರ ಮಾಡುವುದು ಸುಲಭವಿತ್ತು. ತನ್ನ ಮನೆಯ ಸಂಬಳ, ತನ್ನ ಮನೆಯ ರಜೆ, ತನ್ನ ಮನೆಯ ಲೋಟದ ಪ್ರಶ್ನೆ ಎದುರಾಗುವುದು ತನ್ನ ಮನೆಯಲ್ಲಿ ಮಾತ್ರ. ನಮ್ಮಲ್ಲೂ ಅಷ್ಟೆ. ನೆರೆಯ ದೊಡ್ಡ ಎಸ್ಟೇಟಿನ ಲೈನಿಗೆ ಹೋಗಿ ಚಿತ್ರ ಮಾಡಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟು ಚಿತ್ರದಲ್ಲಿ ಚೆನ್ನಾಗಿಯೂ ಕಾಣುತ್ತಿತ್ತು, ನಮ್ಮ ಜಗಲಿ ಮಾತ್ರ ಸ್ವಚ್ಛವಾಗಿ ಉಳಿಯುತ್ತಿತ್ತು.

ಹಾಗಾಗಿ ಅಪ್ಪನನ್ನು ಸಂದರ್ಶಿಸಿದೆ. ಶನಿವಾರ ಸಂಜೆ ಬಟವಾಡೆಯ ಹೊತ್ತು, ಮೇಜಿನ ಮೇಲೆ ಹಾಜರಿ ಪುಸ್ತಕ, ರಬ್ಬರ್ ಬ್ಯಾಂಡ್ ಸುತ್ತಿದ ನೋಟು, ಮುಂಗಡದ ಲೆಕ್ಕಕ್ಕೆ ಬೇರೆಯೇ ಆದ ಒಂದು ಸಣ್ಣ ಕೆಂಪು ಪುಸ್ತಕ. ಅಪ್ಪನಿಗೆ ಕೂಲಿ ಕೊಡುವ ಮುನ್ನ ಆ ಕೆಂಪು ಪುಸ್ತಕವನ್ನು ಎಡಗೈಯಿಂದ ಒಮ್ಮೆ ಮುಟ್ಟುವ ಅಭ್ಯಾಸವಿದೆ. ಇಪ್ಪತ್ತೈದು ವರ್ಷ ಅದೇ ಮನೆಯಲ್ಲಿದ್ದ ನಾನು ಅದನ್ನು ಗಮನಿಸಿದ್ದು ಕ್ಯಾಮೆರಾದ ಚೌಕಟ್ಟಿನಲ್ಲಿ. ಆ ಪುಸ್ತಕ ಮುಟ್ಟಿದಾಗ ಎದುರು ನಿಂತವರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದೂ ಅಲ್ಲೇ ಕಂಡಿತು. ಲೈನ್‌ಮನೆಗಳಿಗೆ ಪಂಚಾಯಿತಿಯಿಂದ ಮನೆ ಸಂಖ್ಯೆ ಯಾಕೆ ಹಾಕಿಸಿಲ್ಲ ಎಂದು ಕೇಳಿದೆ. "ನಂಬರ್ ಬಿದ್ದರೆ ನಾಳೆ ಅದು ಅವರದ್ದೇ ಅಂತ ಆಗೋದಿಲ್ವಾ ಮಗಾ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನ ಕಾಲದಿಂದ ಅವರೇ ಇರೋದು, ಅದೂ ನಿಜ" ಎಂದರು. ಎರಡು ವಾಕ್ಯಗಳ ನಡುವೆ ಹದಿನಾಲ್ಕು ಸೆಕೆಂಡಿನ ಮೌನವಿದೆ. ಸಂಕಲನದಲ್ಲಿ ಅದನ್ನು ಒಂದು ಚೌಕಟ್ಟೂ ಕಡಿಮೆ ಮಾಡಿಲ್ಲ. ಅಪ್ಪ ಕೆಟ್ಟವರಾಗಿ ಕಾಣಬೇಕೆಂದಾಗಲಿ ಒಳ್ಳೆಯವರಾಗಿ ಕಾಣಬೇಕೆಂದಾಗಲಿ ನನಗಿರಲಿಲ್ಲ, ಅವರ ಭಯ ಎಲ್ಲಿದೆ ಎಂಬುದು ಕಾಣಬೇಕಿತ್ತು.

ಭಾಷೆಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ನನ್ನೊಡನೆ ಕನ್ನಡದಲ್ಲಿ ಎರಡೆರಡೇ ಮಾತಾಡುತ್ತಿದ್ದವರು ಸಹನಿರ್ದೇಶಕನೊಡನೆ ಎರವ ಭಾಷೆಯಲ್ಲಿ ಗಂಟೆಗಟ್ಟಲೆ ಮಾತನಾಡಿದರು. ಅವರ ದನಿಯ ಮೇಲೆ ಕನ್ನಡದ ದನಿ ಹಾಕದೆ, ಅಡಿಬರಹ ಮಾತ್ರ ಕೊಟ್ಟಿದ್ದೇವೆ.

ಚಿತ್ರ ಮುಗಿಸುವ ಮೊದಲು ಅದರಲ್ಲಿರುವವರಿಗೆ ತೋರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಸೌಜನ್ಯದ ಮಾತೆಂದು ನಾನು ತಿಳಿದಿದ್ದೆ. 'ರೈಟಿಂಗ್ ವಿತ್ ಫೈರ್' ಚಿತ್ರದ ಆಮೇಲಿನ ಕಥೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಉತ್ತರ ಪ್ರದೇಶದಲ್ಲಿ 2002ರಲ್ಲಿ ಹುಟ್ಟಿದ, ದಲಿತ ಮಹಿಳೆಯರು ಮುಂದೆ ನಿಂತು ನಡೆಸಿದ 'ಖಬರ್ ಲಹರಿಯಾ' ಎಂಬ ಪತ್ರಿಕೆಯ ವರದಿಗಾರ್ತಿಯರನ್ನು ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ಹಲವು ವರ್ಷ ಹಿಂಬಾಲಿಸಿ ಮಾಡಿದ ಚಿತ್ರವದು. 2021ರಲ್ಲಿ ಬಂತು, ಆಸ್ಕರ್‌ಗೆ ನಾಮನಿರ್ದೇಶನವನ್ನೂ ಪಡೆಯಿತು. ವರದಿಗಾರ್ತಿ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಅಧಿಕಾರಿಗಳ ಮುಂದೆ ನಿಲ್ಲುವ ದೃಶ್ಯಗಳನ್ನು ನಾನು ಇಂದಿಗೂ ಬಹಳ ಗೌರವದಿಂದ ನೋಡುತ್ತೇನೆ. ಆದರೆ 2022ರಲ್ಲಿ, ಪ್ರಶಸ್ತಿ ಸಮಾರಂಭಕ್ಕೆ ಸ್ವಲ್ಪ ಮೊದಲು, ಆ ಪತ್ರಿಕೆಯವರೇ ಹೇಳಿಕೆ ಹೊರಡಿಸಿ, ಚಿತ್ರ ತಮ್ಮ ಕಥೆಯ ಒಂದು ಭಾಗವನ್ನಷ್ಟೇ ಹೇಳಿದೆ, ತಮ್ಮ ಕೆಲಸದ ನಿಜವಾದ ಹರವು ಅದರಲ್ಲಿ ಬಂದಿಲ್ಲ ಎಂದರು. ತಮ್ಮ ಮಾತನ್ನು ಬರೆದು ಪ್ರಕಟಿಸಬಲ್ಲ ಪತ್ರಕರ್ತೆಯರಾದ್ದರಿಂದ ಅವರ ಆಕ್ಷೇಪ ಜಗತ್ತಿಗೆ ತಿಳಿಯಿತು. ನಮ್ಮ ಲೈನಿನವರಿಗೆ ಅಂಥ ಪತ್ರಿಕೆ ಇಲ್ಲ. ನಾನು ತಪ್ಪು ತೋರಿಸಿದರೆ ಅದು ತಪ್ಪಾಗಿಯೇ ಉಳಿಯುತ್ತದೆ, ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ನೋಡಿದವರು ಅದನ್ನೇ ನಿಜವೆಂದು ತಿಳಿಯುತ್ತಾರೆ.

ಪ್ರೇಕ್ಷಕರ ವಿಷಯ ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಅಮೆರಿಕದ ವಲಸೆ ಕೃಷಿ ಕಾರ್ಮಿಕರ ಕುರಿತ 'ಹಾರ್ವೆಸ್ಟ್ ಆಫ್ ಶೇಮ್' ಅನ್ನು ಸಿಬಿಎಸ್ ವಾಹಿನಿ 1960ರ ನವೆಂಬರಿನಲ್ಲಿ ಪ್ರಸಾರ ಮಾಡಿದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಸುಗ್ಗಿಯ ಊಟ ಉಂಡ ಜನರಿಗೆ ಆ ಊಟವನ್ನು ಬೆಳೆದು ಕುಯ್ದವರ ಮುಖವನ್ನು ನಿರೂಪಕ ಎಡ್ವರ್ಡ್ ಮರ‍್ರೋ ಮರುದಿನವೇ ತೋರಿಸಿದರು. ನಮ್ಮಲ್ಲಿ ಹುತ್ತರಿ ಎಂಬ ಸುಗ್ಗಿಯ ಹಬ್ಬಕ್ಕೆ ಗದ್ದೆಯಿಂದ ಕದಿರು ತಂದು ಮನೆ ತುಂಬಿಸಿಕೊಳ್ಳುತ್ತೇವೆ. ಆ ಗದ್ದೆಯ ನಾಟಿ ಮಾಡಿದ ಕೈಗಳು ಬಹುಪಾಲು ಲೈನ್‌ಮನೆಯವು. ನನ್ನ ಚಿತ್ರದ ಮೊದಲ ಪ್ರದರ್ಶನ ಊರಿನ ಬೆಳೆಗಾರರಿಗೆ, ಹುತ್ತರಿಯ ಮರುದಿನವೇ ಆಗಬೇಕೆಂದು ಕೇಳಿಕೊಂಡಿದ್ದೇನೆ. ಸಮುದಾಯ ಭವನದವರು ಇನ್ನೂ ಉತ್ತರ ಕೊಟ್ಟಿಲ್ಲ.

ಅದಕ್ಕೂ ಮೊದಲು, ಕಳೆದ ಏಪ್ರಿಲಿನಲ್ಲಿ, ಕುಯ್ಲು ಮುಗಿದು ಖಾಲಿಯಾಗಿದ್ದ ಕಣದಲ್ಲಿ ಬಿಳಿ ಪಂಚೆ ಕಟ್ಟಿ, ಚಿತ್ರದಲ್ಲಿರುವ ಏಳು ಮನೆಯವರಿಗೂ ಬೇಡವೆಂದ ನಾಲ್ಕು ಮನೆಯವರಿಗೂ ಒಟ್ಟಿಗೆ ತೋರಿಸಿದೆವು. ಆಗ ಅದು ನಲವತ್ತು ನಿಮಿಷವಿತ್ತು. ಮೊದಲ ಹತ್ತು ನಿಮಿಷ ನಗು, ಒಬ್ಬರನ್ನೊಬ್ಬರು ಗುರುತಿಸುವ ಗದ್ದಲ. ಅಪ್ಪ ಕೆಂಪು ಪುಸ್ತಕ ಮುಟ್ಟುವ ದೃಶ್ಯ ಬಂದಾಗ ಯಾರೂ ನಗಲಿಲ್ಲ. ಅಪ್ಪ ಕಣದ ಅಂಚಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಗೋಡೆಗೆ ಒರಗಿ ನಿಂತು ಕೊನೆಯವರೆಗೂ ನೋಡಿದರು, ಮುಗಿದ ಮೇಲೆ ಏನೂ ಹೇಳದೆ ಟಾರ್ಚ್ ಹಿಡಿದು ಮನೆಗೆ ನಡೆದರು.

ಮಾರನೆಯ ದಿನ ಸಹನಿರ್ದೇಶಕ ಮೂರು ಬದಲಾವಣೆಗಳನ್ನು ತಂದ. ಕುಡಿದು ಮಲಗಿದ್ದ ಒಬ್ಬರ ದೃಶ್ಯ ತೆಗೆಯಬೇಕು. ಅದನ್ನು ತೆಗೆದೆವು. ಒಬ್ಬ ಅಕ್ಕನಿಗೆ, ತಾನು ಅತ್ತ ಭಾಗ ಇರಲಿ, ಆದರೆ ಅದಾದ ಮೇಲೆ ತಾನು ಎದ್ದು ಕೆಲಸಕ್ಕೆ ಹೋದದ್ದನ್ನೂ ಹಾಕಬೇಕು ಎಂದಿತ್ತು. ಆ ತುಣುಕು ನನ್ನಲ್ಲಿತ್ತು, ಹಾಕಿದೆವು. ಮೂರನೆಯದನ್ನು ಹೇಳಿದವರು ಚಿತ್ರದಲ್ಲೇ ಇಲ್ಲದ ಆ ಅಜ್ಜಿ. ಹೆಂಗಸರು ಹಣ್ಣು ಕುಯ್ಯುವುದು ಬಂದಿದೆ, ಸಂಜೆ ತೂಕ ಹಾಕುವುದು ಬಂದಿದೆ, ಆದರೆ ಇಳಿಜಾರಿನ ಕೆಳಗಿನಿಂದ ತೂಕದ ಜಾಗದವರೆಗೆ ಚೀಲ ಹೊತ್ತು ತರುವುದು ಎಲ್ಲೂ ಇಲ್ಲ, ನೋಡಿದವರಿಗೆ ಚೀಲ ತಾನಾಗಿಯೇ ಹತ್ತಿ ಬಂದಂತೆ ಕಾಣುತ್ತದೆ ಎಂದರಂತೆ. ತುಣುಕುಗಳನ್ನೆಲ್ಲ ಹುಡುಕಿದೆ. ಆ ಏರು ಹತ್ತುವಾಗ ನಾನು ಪ್ರತಿ ಸಲವೂ ಕ್ಯಾಮೆರಾ ಮುಚ್ಚಿ ಜೀಪಿನಲ್ಲಿ ಮೇಲೆ ಬಂದಿದ್ದೆ.

ರೊಬಸ್ಟಾ ಕಾಫಿ ಈ ಸಲ ಡಿಸೆಂಬರಿನ ಕೊನೆಗೆ ಹಣ್ಣಾಗುವ ಲಕ್ಷಣವಿದೆ. ಟ್ರೈಪಾಡ್ ಬಿಟ್ಟು, ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ತರಿಸಿಟ್ಟಿದ್ದೇನೆ.